ಓದುಗರ ಪ್ರಶ್ನೆಗಳಿಗೆ ಉತ್ತರ: ಟರಾಂಟುಲಾದ ಪೊರೆಗೆ ರೆಸಿನ್ ಹೊಯ್ಯುವ ಮುನ್ನ

ಟರಾಂಟುಲಾ ಎಂದು ಕರೆಯಲಾಗುವ, ಮೈತುಂಬ ರೋಮವಿರುವ ದೊಡ್ಡ ಜೇಡಗಳು ಹಾವಿನಂತೆಯೇ ಕಾಲಕಾಲಕ್ಕೆ ಪೊರೆ ಬಿಡುತ್ತವೆ. ಕಾಲು, ಹಲ್ಲು, ರೋಮ ಎಲ್ಲವೂ ಇದ್ದಂತೆಯೇ ಉಳಿಯುವ ಆ ಪೊರೆಯನ್ನು, ದ್ರವವಾಗಿ ಹೊಯ್ದ ಮೇಲೆ ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ರೆಸಿನ್ನಿನಲ್ಲಿ ಎರಕ ಹೊಯ್ದು ಕಾಪಾಡುವ ಕುರಿತು ಈ ಬಾರಿ ಐದು ಪತ್ರಗಳು ಬಂದಿವೆ. ಒಂದರ ಉತ್ತರ ಇನ್ನೊಂದಕ್ಕೂ ಉಪಯೋಗಕ್ಕೆ ಬರುವುದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಹಾಸನದವರು, ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ನಮ್ಮ ಮಗಳು ಐದು ವರ್ಷಗಳಿಂದ ಮೆಕ್ಸಿಕೋ ಮೂಲದ ಕೆಂಪು ಮಂಡಿಯ ಟರಾಂಟುಲಾವೊಂದನ್ನು ಸಾಕುತ್ತಿದ್ದಾಳೆ. ಅದು ಇತ್ತೀಚೆಗೆ ಬಿಟ್ಟ ಪೊರೆಯನ್ನು ಎಪಾಕ್ಸಿ ರೆಸಿನ್ನಿನಲ್ಲಿ ಹಾಕಿದೆವು. ಕಾಲುಗಳ ಸುತ್ತ ಗಾಳಿಗುಳ್ಳೆಗಳು ತುಂಬಿಕೊಂಡವು. ಹೊಟ್ಟೆಯ ಭಾಗವಂತೂ ಕರಗಿ ಹೋಯಿತೇನೋ ಎಂಬಂತೆ ಕಣ್ಮರೆಯಾಯಿತು. ನಾವು ಎಲ್ಲಿ ತಪ್ಪಿದೆವು? ಮುಂದಿನ ಪೊರೆಯನ್ನಾದರೂ ಸರಿಯಾಗಿ ಮಾಡಿ ಊರಿನಲ್ಲಿರುವ ಅಜ್ಜಿಗೆ ಕೊಡಬೇಕೆಂದು ಮಗಳ ಆಸೆ.

ಉತ್ತರ: ಹೊಟ್ಟೆಯ ಭಾಗ ಕರಗಿಲ್ಲ, ಅಲ್ಲಿಯೇ ಇದೆ. ತಾವು ಬರೆದಿರುವ ಎರಡು ತೊಂದರೆಗಳಿಗೂ ಪೊರೆಯೊಳಗಿನ ಗಾಳಿಯೇ ಕಾರಣ. ಒಂದು ಕಡೆ ಗಾಳಿ ಉಳಿದುಕೊಂಡು ಕೆಡಿಸಿತು, ಇನ್ನೊಂದು ಕಡೆ ಗಾಳಿ ಹೊರಟುಹೋಗಿ ಕೆಡಿಸಿತು.

ಪೊರೆ ಬಿಡುವಾಗ ಜೇಡವು ಸಾಮಾನ್ಯವಾಗಿ ಅಂಗಾತ ಮಲಗುತ್ತದೆ. ತಲೆ ಮತ್ತು ಎದೆ ಕೂಡಿರುವ ಮುಂಭಾಗದ ಬೆನ್ನುಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಆ ಕಿಂಡಿಯ ಮೂಲಕ ಜೇಡವು ತನ್ನ ಎಂಟೂ ಕಾಲುಗಳನ್ನು ಹಳೆಯ ಕವಚದಿಂದ ನಿಧಾನವಾಗಿ ಎಳೆದುಕೊಂಡು ಹೊರಬರುತ್ತದೆ. ಹೀಗೆ ಉಳಿದ ಪೊರೆಯಲ್ಲಿ ಪ್ರತಿಯೊಂದು ಕಾಲೂ ಪಾದದ ತುದಿಯಲ್ಲಿ ಮುಚ್ಚಿರುವ, ಎದೆಯೊಳಕ್ಕೆ ಮಾತ್ರ ಬಾಯಿ ತೆರೆದಿರುವ ಕೊಳವೆಯಾಗಿರುತ್ತದೆ. ಮೇಲಿನಿಂದ ರೆಸಿನ್ ಸುರಿದರೆ ಅದು ಕೊಳವೆಯ ಬಾಯಿಯನ್ನು ಮುಚ್ಚುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಮುಂದೆ ರೆಸಿನ್ ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ಕೀಲುಗಳ ತೆಳು ಪೊರೆಯ ಸಂದುಗಳಿಂದ ಒಂದೊಂದೇ ಗುಳ್ಳೆಯಾಗಿ ಹೊರಬರುತ್ತದೆ. ಅಷ್ಟರಲ್ಲಿ ರೆಸಿನ್ ಅಂಟಾಗಿರುವುದರಿಂದ ಗುಳ್ಳೆ ಇದ್ದಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹೊಟ್ಟೆ ಕಾಣದಾದದ್ದಕ್ಕೆ ಬೆಳಕಿನ ನಿಯಮ ಕಾರಣ. ಎಣ್ಣೆ ಹತ್ತಿದ ಕಾಗದದ ಮೂಲಕ ಹಿಂದಿನ ಅಕ್ಷರ ಕಾಣುವುದನ್ನು ನಾವೆಲ್ಲ ನೋಡಿದ್ದೇವೆ. ಕಾಗದದ ನಾರುಗಳ ನಡುವೆ ಗಾಳಿಯಿದ್ದಾಗ ಬೆಳಕು ಚದುರಿ ಕಾಗದ ಬೆಳ್ಳಗೆ ಕಾಣುತ್ತದೆ. ಆ ಜಾಗವನ್ನು ಎಣ್ಣೆ ತುಂಬಿದಾಗ ಚದುರುವಿಕೆ ಕಡಿಮೆಯಾಗುತ್ತದೆ. ಜೇಡದ ಕವಚದ ಮುಖ್ಯ ವಸ್ತುವಾದ ಕೈಟಿನ್‌ನ ವಕ್ರೀಭವನ ಸೂಚ್ಯಂಕ, ಎಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ಸುಮಾರು 1.56, ಎಪಾಕ್ಸಿಯದು ಸುಮಾರು 1.5ರಿಂದ 1.57, ಗಾಳಿಯದು 1. ಎಂದರೆ ಬೆಳಕಿನ ಮಟ್ಟಿಗೆ ಕೈಟಿನ್ ಮತ್ತು ಎಪಾಕ್ಸಿ ಹೆಚ್ಚುಕಡಿಮೆ ಒಂದೇ ವಸ್ತು. ಕಾಲು ಮತ್ತು ಬೆನ್ನುಚಿಪ್ಪು ದಪ್ಪವಾಗಿಯೂ ಬಣ್ಣದಿಂದಲೂ ಕೂಡಿರುವುದರಿಂದ ರೆಸಿನ್ನಿನಲ್ಲಿಯೂ ಕಾಣುತ್ತವೆ. ಹೊಟ್ಟೆಯ ಚರ್ಮವಾದರೋ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಅದು ರೆಸಿನ್ನಿನಲ್ಲಿ ನೆನೆದ ಕೂಡಲೇ ಮಾಯವಾಗುತ್ತದೆ.

ಮುಂದಿನ ಬಾರಿ ಏನು ಮಾಡಬೇಕೆಂದು ಹೇಳುವ ಮುನ್ನ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕೆಂಪು ಮಂಡಿಯ ಜೇಡ ಸೇರಿದಂತೆ ಅಮೆರಿಕ ಖಂಡಗಳ ಅನೇಕ ಟರಾಂಟುಲಾಗಳ ಹೊಟ್ಟೆಯ ಮೇಲೆ ತುರಿಕೆ ಹುಟ್ಟಿಸುವ ಸೂಕ್ಷ್ಮ ರೋಮಗಳಿರುತ್ತವೆ. ಪೊರೆಯ ಮೇಲೂ ಅವು ಹಾಗೆಯೇ ಉಳಿದಿರುತ್ತವೆ. ಈ ಕೊಕ್ಕೆಯುಳ್ಳ ರೋಮಗಳು ಕಣ್ಣಿಗೆ ಹೊಕ್ಕರೆ ಉರಿಯೂತವು ಬಹುಕಾಲ ಕಾಡಬಹುದು. ಆದ್ದರಿಂದ ಕೈಗವಸು ಮತ್ತು ಕನ್ನಡಕ ಧರಿಸಿಯೇ ಪೊರೆಯನ್ನು ಮುಟ್ಟಬೇಕು, ಅದರ ಧೂಳನ್ನು ಬಾಯಿಂದ ಊದಬಾರದು. ಚರ್ಮಕ್ಕೆ ತಗುಲಿದರೆ ಅಂಟು ಟೇಪನ್ನು ಒತ್ತಿ ಎಳೆದರೆ ಬಹುಪಾಲು ರೋಮಗಳು ಬರುತ್ತವೆ; ಕಣ್ಣಿಗೆ ಹೋಗಿದ್ದರೆ ಉಜ್ಜದೆ ನೇತ್ರವೈದ್ಯರ ಬಳಿಗೆ ಹೋಗಬೇಕು.

ಪೊರೆ ಬಿಟ್ಟ ಜೇಡವು ತಾನಾಗಿಯೇ ದೂರ ಸರಿದ ಮೇಲೆ, ಸುಮಾರು ಒಂದು ದಿನದೊಳಗೆ, ಉದ್ದನೆಯ ಚಿಮಟದಿಂದ ಪೊರೆಯನ್ನು ತೆಗೆಯಿರಿ. ಆಗ ಅದು ಇನ್ನೂ ಮೆತ್ತಗಿರುತ್ತದೆ. ಒಣಗಿ ಮುದುಡಿದ್ದರೂ ಚಿಂತೆಯಿಲ್ಲ. ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಕೀಲುಗಳು ಮತ್ತೆ ಬಾಗುತ್ತವೆ. ಅದನ್ನು ಥರ್ಮಾಕೋಲ್ ಹಲಗೆಯ ಮೇಲಿಟ್ಟು, ಕಾಲುಗಳಿಗೆ ಚುಚ್ಚದೆ ಅವುಗಳ ಎರಡೂ ಪಕ್ಕದಲ್ಲಿ ಗುಂಡುಸೂಜಿ ನಿಲ್ಲಿಸಿ, ಜೇಡ ನಿಂತಿರುವ ಭಂಗಿಗೆ ತನ್ನಿ. ಸುಕ್ಕುಗಟ್ಟಿದ ಹೊಟ್ಟೆಯ ಚರ್ಮವನ್ನು ನೀರಿನಲ್ಲಿ ತೇಲಿಸಿ ಬಿಡಿಸಿ, ಒಳಗೆ ಸಣ್ಣ ಕಾಗದದ ಉಂಡೆಯಿಟ್ಟು ಆಕಾರ ಬರುವಂತೆ ಒಣಗಿಸಿ, ಆಮೇಲೆ ಉಂಡೆಯನ್ನು ತೆಗೆದುಬಿಡಿ. ಚರ್ಮದ ಒಳಮೈಗೆ ತೆಳುವಾಗಿ ಕಪ್ಪು ಅಥವಾ ಕಂದು ಅಕ್ರಿಲಿಕ್ ಬಣ್ಣ ಬಳಿದು ಒಣಗಲು ಬಿಟ್ಟರೆ ರೆಸಿನ್ನಿನಲ್ಲಿ ಅದು ಕಣ್ಮರೆಯಾಗುವುದಿಲ್ಲ. ಹೊರಗಿನ ರೋಮಗಳೂ ಆ ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ. ಒಂದು ವಾರವಾದರೂ ಚೆನ್ನಾಗಿ ಒಣಗಬೇಕು.

ಗಾಳಿಯ ವಿಷಯದಲ್ಲಿ ಅರ್ಧಂಬರ್ಧ ಕೆಲಸ ಸಲ್ಲದು. ತೆರೆದ ಬೆನ್ನುಚಿಪ್ಪಿನ ಕಿಂಡಿಯಿಂದ ಸಣ್ಣ ಸಿರಿಂಜಿನ ಮೂಲಕ ಪ್ರತಿ ಕಾಲಿನ ಬಾಯಿಗೆ ತೆಳುವಾದ ರೆಸಿನ್ನನ್ನು ತುಂಬಬೇಕು. ಪಾದದ ತುದಿಗಳು ಕೆಳಗಿರುವಂತೆ ಪೊರೆಯನ್ನು ಹಿಡಿದುಕೊಂಡು, ರೆಸಿನ್ ಇಳಿದು ಗಾಳಿ ಮೇಲೇರುವವರೆಗೆ ಕಾಯಬೇಕು. ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಮುನ್ನ ರೆಸಿನ್ ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಅದು ತೆಳುವಾಗಿ ಸುಲಭವಾಗಿ ಇಳಿಯುತ್ತದೆ. ಆಮೇಲೆ ಬೆನ್ನುಚಿಪ್ಪನ್ನು ಮುಚ್ಚಿ ಒಂದು ಹನಿ ರೆಸಿನ್ನಿನಿಂದಲೇ ಅಂಟಿಸಬಹುದು. ನಿರ್ವಾತ ಪಾತ್ರೆಯಿರುವವರು ರೆಸಿನ್ನಿನಲ್ಲಿ ಮುಳುಗಿರುವ ಪೊರೆಯನ್ನು ಅದರಲ್ಲಿಟ್ಟು ಗಾಳಿಯನ್ನು ಎಳೆದು, ಮತ್ತೆ ಗಾಳಿ ಬಿಟ್ಟರೆ ಒತ್ತಡಕ್ಕೆ ರೆಸಿನ್ ತಾನಾಗಿಯೇ ಕಾಲಿನ ತುದಿಯವರೆಗೆ ನುಗ್ಗುತ್ತದೆ. ಆದರೆ ಒಂದು ಪೊರೆಗಾಗಿ ಆ ಖರ್ಚು ಮಾಡಬೇಕಾಗಿಲ್ಲ.

ಎರಕವನ್ನು ಪದರಪದರವಾಗಿ ಹೊಯ್ಯಿರಿ. ಸಿಲಿಕೋನ್ ಅಚ್ಚಿನಲ್ಲಿ ಮೊದಲ ಪದರ ಹೊಯ್ದು, ಅದು ಬೆರಳಿಗೆ ಅಂಟುವಷ್ಟು ಗಟ್ಟಿಯಾದಾಗ ಪೊರೆಯನ್ನು ಅದರ ಮೇಲೆ ನಿಲ್ಲಿಸಿ, ಸ್ವಲ್ಪವೇ ರೆಸಿನ್ನಿನಿಂದ ಕಾಲುಗಳನ್ನು ಹಿಡಿದುಕೊಳ್ಳುವಂತೆ ಮಾಡಿ, ಆಮೇಲೆ ಉಳಿದದ್ದನ್ನು ಅಚ್ಚಿನ ಒಂದು ಮೂಲೆಯಿಂದ ಹರಿಯಬಿಡಿ. ಹಾಗೆ ಮಾಡದಿದ್ದರೆ ಹಗುರವಾದ ಪೊರೆ ತೇಲುತ್ತದೆ. ಒಂದು ಸಲಕ್ಕೆ ಎಷ್ಟು ದಪ್ಪ ಹೊಯ್ಯಬಹುದು ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ಮೀರಿದರೆ ಒಳಗೆ ಬಿಸಿ ಏರಿ ರೆಸಿನ್ ಬಿರುಕು ಬಿಡುತ್ತದೆ, ಹಳದಿಯಾಗುತ್ತದೆ. ಗುಳ್ಳೆ ಒಡೆಯಲೆಂದು ಬಿಸಿಗಾಳಿಯ ಯಂತ್ರವನ್ನು ಪೊರೆಯ ಮೇಲೆ ಹಿಡಿಯಬೇಡಿ, ರೋಮಗಳು ಸುಟ್ಟು ಸುರುಟಿಕೊಳ್ಳುತ್ತವೆ.

ಅಜ್ಜಿಗೆ ಕೊಡುವ ವಿಚಾರ: ಬ್ರಾಕಿಪೆಲ್ಮಾ ಕುಲಕ್ಕೆ ಸೇರಿದ ಈ ಜೇಡಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅಂಥ ಪ್ರಾಣಿಗಳ ದೇಹದ ಭಾಗಗಳನ್ನು ಗಡಿ ದಾಟಿಸಲು ಪರವಾನಗಿ ಬೇಕಾಗಬಹುದು. ಎರಡೂ ದೇಶಗಳ ಸೈಟಿಸ್ ಅಧಿಕಾರಿಗಳಲ್ಲಿ ಲಿಖಿತವಾಗಿ ವಿಚಾರಿಸದೆ ವಿಮಾನಕ್ಕೆ ತರಬೇಡಿ. ಅಲ್ಲಿಯವರೆಗೆ ಅಜ್ಜಿಗೆ ಒಳ್ಳೆಯದೊಂದು ಛಾಯಾಚಿತ್ರ ಕಳುಹಿಸಬಹುದು.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಹೂವು, ಎಲೆಗಳನ್ನು ರೆಸಿನ್ನಿನಲ್ಲಿ ಹಾಕಿ ಮಾರುವ ಕೆಲಸ ಮಾಡುತ್ತೇನೆ. ಗಿರಾಕಿಯೊಬ್ಬರು ತಮ್ಮ ಬಳಿಯಿದ್ದ ಟರಾಂಟುಲಾ ಪೊರೆಯನ್ನು ತಂದುಕೊಟ್ಟಿದ್ದಾರೆ. ಮಳೆಗಾಲದಲ್ಲಿ ನನ್ನ ಎರಕಗಳು ಮಬ್ಬಾಗುತ್ತವೆ. ಬೇಗ ಮುಗಿಸಲು ಯುವಿ ರೆಸಿನ್ ಬಳಸಬಹುದೇ?

ಉತ್ತರ: ಯುವಿ ರೆಸಿನ್ ಬೇಡ. ಅದು ಯುವಿ, ಎಂದರೆ ನೇರಳಾತೀತ, ಬೆಳಕು ಬಿದ್ದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಜೇಡದ ದಪ್ಪ ಕಾಲುಗಳ ಕೆಳಗೆ, ಎದೆಯ ಒಳಗೆ ಬೆಳಕು ತಲುಪದೆ ರೆಸಿನ್ ಹಸಿಯಾಗಿಯೇ ಉಳಿದು, ತಿಂಗಳುಗಳ ನಂತರ ಜಿಗುಟಾಗಿ ಸೋರಬಹುದು. ಪಾಲಿಯೆಸ್ಟರ್ ರೆಸಿನ್ ಅಗ್ಗವಾದರೂ ಗಟ್ಟಿಯಾಗುವಾಗ ಗಮನಾರ್ಹವಾಗಿ ಕುಗ್ಗುತ್ತದೆ, ಅದರ ಸ್ಟೈರೀನ್ ವಾಸನೆಯಂತೂ ಮನೆಯೊಳಗೆ ಸಹಿಸುವಂಥದ್ದಲ್ಲ. ನಿಧಾನವಾಗಿ ಗಟ್ಟಿಯಾಗುವ, ಎರಕಕ್ಕೆಂದೇ ಮಾಡಿದ ಎಪಾಕ್ಸಿಯೇ ಈ ಕೆಲಸಕ್ಕೆ ತಕ್ಕದ್ದು.

ಮಬ್ಬಿಗೆ ಎರಡು ಕಾರಣಗಳಿವೆ, ಅವನ್ನು ಬೇರೆಬೇರೆಯಾಗಿ ಗುರುತಿಸಬೇಕು. ಮೇಲ್ಮೈ ಮಾತ್ರ ಎಣ್ಣೆ ಹಚ್ಚಿದಂತೆ ಅಥವಾ ಬೂದಿ ಹಿಡಿದಂತೆ ಆಗಿದ್ದರೆ, ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕಗಳು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಉಂಟುಮಾಡಿದ ಪದರ ಅದು. ಬೆಚ್ಚನೆಯ ನೀರು ಮತ್ತು ಸೋಪಿನಿಂದ ಒರೆಸಿದರೆ ಹೋಗುತ್ತದೆ. ಹಾಗೆ ಒರೆಸದೆ ಮುಂದಿನ ಪದರ ಹೊಯ್ದರೆ ಎರಡೂ ಸರಿಯಾಗಿ ಬೆಸೆಯುವುದಿಲ್ಲ. ಆದರೆ ಮಬ್ಬು ಒಳಗಿನ ವಸ್ತುವಿನ ಸುತ್ತ ಹಾಲಿನಂತೆ ಹಬ್ಬಿದ್ದರೆ, ವಸ್ತು ಒಣಗಿರಲಿಲ್ಲ ಎಂದೇ ಅರ್ಥ. ಅದನ್ನು ಸರಿಪಡಿಸಲು ಬರುವುದಿಲ್ಲ. ಕರಾವಳಿಯ ಆಷಾಢದಲ್ಲಿ ಗಾಳಿಗಿಟ್ಟ ಪೊರೆ ಒಣಗುವುದೇ ಇಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಅದರಲ್ಲಿ ಕೆಲವು ದಿನ ಇಟ್ಟು ಒಣಗಿಸಿ, ಎರಕದ ದಿನವಷ್ಟೇ ಹೊರತೆಗೆಯಿರಿ. ಒಣಗಿದ ಪೊರೆಗೆ ಇರುವೆಗಳೂ ಮುತ್ತುತ್ತವೆ, ಆದ್ದರಿಂದಲೂ ಡಬ್ಬಿ ಮುಚ್ಚಿರಬೇಕು. ನುಸಿಗುಳಿಗೆಯನ್ನು ಥರ್ಮಾಕೋಲಿನ ಪಕ್ಕದಲ್ಲಿ ಇಡಬೇಡಿ. ನ್ಯಾಫ್ತಲೀನಿನ ಆವಿಗೆ ಥರ್ಮಾಕೋಲ್ ಕುಗ್ಗಿ ಕರಗುತ್ತದೆ, ಪೊರೆ ಅದಕ್ಕೆ ಅಂಟಿಕೊಳ್ಳುತ್ತದೆ.

ತಾವು ದಿನವೂ ರೆಸಿನ್ ಮುಟ್ಟುವವರಾದ್ದರಿಂದ ಇದನ್ನೂ ಸೇರಿಸುತ್ತೇನೆ. ಎಪಾಕ್ಸಿಯ ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ, ವರ್ಷಗಳ ನಂತರವೂ ಬರಬಹುದು. ಒಮ್ಮೆ ಬಂದರೆ ಹೋಗುವುದು ಬಹಳ ಕಷ್ಟ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಕೈಗೆ ಹತ್ತಿದ್ದನ್ನು ಥಿನ್ನರ್‌ನಿಂದ ಒರೆಸಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೆ ಇನ್ನಷ್ಟು ಇಳಿಸುತ್ತದೆ. ಸೋಪು ನೀರು ಸಾಕು. ಉಜ್ಜುಕಾಗದದ ಕೆಲಸವನ್ನು ನೀರು ಹಾಕಿಕೊಂಡೇ ಮಾಡಿ, ಧೂಳು ಏಳದಿರಲಿ.

ಪ್ರಶ್ನೆ: ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ವಿದೇಶದಲ್ಲಿ ಜೇಡ ಸಾಕುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಅಗತ್ಯ ಕಾಗದಪತ್ರಗಳೊಂದಿಗೆ, ಒಂದೇ ಜೇಡದ ಮೂರು ಪೊರೆಗಳನ್ನು ವಿಭಾಗಕ್ಕೆ ಕೊಟ್ಟಿದ್ದಾರೆ. ಮಕ್ಕಳ ಕೈಯಲ್ಲಿ ಮುರಿಯದಿರಲೆಂದು ಮೂರಕ್ಕೂ ರೆಸಿನ್ ಹಾಕಿಸುವ ಯೋಚನೆಯಿದೆ. ತಮ್ಮ ಅಭಿಪ್ರಾಯವೇನು?

ಉತ್ತರ: ದಯವಿಟ್ಟು ಮೂರಕ್ಕೂ ಹಾಕಿಸಬೇಡಿ. ಈ ಬಾರಿಯ ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಮ್ಮದೇ. ರೆಸಿನ್ ಹೊಯ್ದ ಮೇಲೆ ಪೊರೆಯನ್ನು ಹೊರತೆಗೆಯಲು ಸಾಧ್ಯವಿಲ್ಲ. ಅದರಿಂದ ತಿಳಿಯಬೇಕಾದದ್ದನ್ನೆಲ್ಲ ಮೊದಲು ತಿಳಿದುಕೊಂಡು, ಬರೆದಿಟ್ಟು, ಆಮೇಲೆ ಒಂದನ್ನು ಮಾತ್ರ ಪ್ರದರ್ಶನಕ್ಕೆ ಎರಕ ಹೊಯ್ಯಬೇಕು.

ಜೇಡವು ಬಿಡುವುದು ಹೊರಮೈಯ ಕವಚವನ್ನು ಮಾತ್ರವಲ್ಲ. ಬಾಯಿಯಿಂದ ಒಳಗಿಳಿಯುವ ಹೀರುಜಠರದ ಒಳಪದರ, ಪುಸ್ತಕದ ಹಾಳೆಗಳಂತೆ ಜೋಡಿಸಿರುವ ನಾಲ್ಕು ಶ್ವಾಸಕೋಶಗಳ ಒಳಪದರ, ವಿಷದ ಹಲ್ಲುಗಳ ಹೊರಕವಚ, ಇವೆಲ್ಲ ಪೊರೆಯ ಜೊತೆಗೇ ಬರುತ್ತವೆ. ಹೊಟ್ಟೆಯ ಚರ್ಮವನ್ನು ಸೋಪು ಬೆರೆಸಿದ ನೀರಿನಲ್ಲಿ ನೆನೆಸಿ, ಕುಂಚದಿಂದ ಬಿಡಿಸಿ, ಒಳಮೈ ಮೇಲಾಗುವಂತೆ ಹಾಸಿದರೆ ನಾಲ್ಕು ಬಿಳಿಯ ಚುಕ್ಕೆಗಳಂತೆ ಶ್ವಾಸಕೋಶಗಳು ಕಾಣುತ್ತವೆ. ಮುಂದಿನ ಜೋಡಿಯ ನಡುವೆ ಅಡ್ಡಲಾಗಿ ಒಂದು ಮಡಿಕೆಯಿದೆ. ಅಲ್ಲಿ ಪುಟ್ಟ ಚೀಲಗಳಂಥ ಅಥವಾ ನಾಲಗೆಯಂಥ ರಚನೆ ಎದ್ದು ನಿಂತಿದ್ದರೆ ಜೇಡ ಹೆಣ್ಣು. ಅದು ಗಂಡಿನ ವೀರ್ಯವನ್ನು ಕೂಡಿಡುವ ಅಂಗದ ಒಳಪದರ. ದೊಡ್ಡ ಜೇಡವಾದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು, ಚಿಕ್ಕದಾದರೆ ಸೂಕ್ಷ್ಮದರ್ಶಕ ಬೇಕು. ಜೀವಂತ ಜೇಡವನ್ನು ಮುಟ್ಟದೆಯೇ ಅದರ ಲಿಂಗವನ್ನು ಹೇಳಬಲ್ಲ ಈ ಪಾಠ ರೆಸಿನ್ನಿನೊಳಗೆ ಮುಚ್ಚಿಹೋಗುತ್ತದೆ. ಪೊರೆಯಿಂದ ಡಿಎನ್‌ಎ ಪಡೆಯುವುದೂ ಸಾಧ್ಯವಿದೆ. ಅದೂ ಎರಕದೊಂದಿಗೆ ಕೈತಪ್ಪುತ್ತದೆ.

ಒಂದೇ ಜೇಡದ ಮೂರು ಪೊರೆಗಳು ಸಾಲಾಗಿ ಸಿಗುವುದು ಕಾಲೇಜಿನ ಪಾಲಿಗೆ ದೊಡ್ಡ ಅದೃಷ್ಟ. ಮೂರರ ಬೆನ್ನುಚಿಪ್ಪಿನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿಸಿ. ಗಟ್ಟಿ ಕವಚದ ಪ್ರಾಣಿ ಏಕೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ. ಹೊಟ್ಟೆಯ ಚರ್ಮವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಪ್ರತ್ಯೇಕವಾಗಿಡಿ. ಎರಕಕ್ಕೆ ಆರಿಸಿದ ಪೊರೆಯ ಜೊತೆ ಚೀಟಿ ಹಾಕುವುದಾದರೆ, ಜಾತಿಯ ಹೆಸರು, ಪೊರೆ ಬಿಟ್ಟ ದಿನಾಂಕ, ಬೆನ್ನುಚಿಪ್ಪಿನ ಉದ್ದ ಮತ್ತು ಲಿಂಗವನ್ನು ಪೆನ್ಸಿಲ್‌ನಿಂದ ಅಥವಾ ಲೇಸರ್ ಮುದ್ರಣದಲ್ಲಿ ಬರೆಸಿ, ಚೀಟಿಯ ಎರಡೂ ಬದಿಗೆ ಬಿಳಿ ಅಂಟನ್ನು ತೆಳುವಾಗಿ ಬಳಿದು ಒಣಗಿಸಿ. ಇಲ್ಲದಿದ್ದರೆ ಮೇಲೆ ಹೇಳಿದ ಎಣ್ಣೆ ಕಾಗದದ ಗತಿಯೇ ಚೀಟಿಗೂ ಬರುತ್ತದೆ.

ಪ್ರಶ್ನೆ: ಶಿರಸಿಯ ಹತ್ತಿರ ನಮ್ಮ ತೋಟದ ಹಳೆಯ ಹಲಸಿನ ಮರದ ಪೊಟರೆಯ ಬಾಯಲ್ಲಿ ಅಂಗೈಯಗಲದ ಜೇಡದ ಪೊರೆ ಸಿಕ್ಕಿತು. ಅದರಲ್ಲಿ ವಿಷ ಉಳಿದಿರುತ್ತದೆಯೇ? ಅದನ್ನು ರೆಸಿನ್ನಿನಲ್ಲಿ ಇಡಬಹುದೇ?

ಉತ್ತರ: ವಿಷ ಇರುವುದಿಲ್ಲ. ವಿಷದ ಗ್ರಂಥಿ ಜೇಡದ ದೇಹದೊಳಗೇ ಉಳಿಯುತ್ತದೆ. ಪೊರೆಯಲ್ಲಿರುವುದು ಟೊಳ್ಳಾದ ಹಲ್ಲಿನ ಕವಚ ಮಾತ್ರ, ತುದಿ ಚೂಪಾಗಿರುವುದರಿಂದ ಚುಚ್ಚಿಸಿಕೊಳ್ಳಬೇಡಿ. ನಮ್ಮ ದೇಶದ ಟರಾಂಟುಲಾಗಳಿಗೆ ಅಮೆರಿಕದ ಜಾತಿಗಳಂತೆ ತುರಿಕೆಯ ರೋಮಗಳೂ ಇಲ್ಲ. ಆದರೆ ಪೊಟರೆಯೊಳಗಿರುವ ಜೇಡದ ಕಡಿತ ತೀವ್ರವಾದ ನೋವು ಮತ್ತು ಸ್ನಾಯು ಸೆಳೆತವನ್ನು ತರಬಲ್ಲದಾದ್ದರಿಂದ ಒಳಗೆ ಕೈಯನ್ನಾಗಲಿ ಕಡ್ಡಿಯನ್ನಾಗಲಿ ಹಾಕಬೇಡಿ.

ಮರದ ಪೊಟರೆಯಲ್ಲಿ ವಾಸಿಸುವ, ಕಾಲುಗಳ ಮೇಲೆ ಚಿತ್ತಾರವಿರುವ ಟರಾಂಟುಲಾಗಳು ಸಾಮಾನ್ಯವಾಗಿ ಪೀಸಿಲೋಥೀರಿಯಾ ಕುಲದವು. ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಈ ಕುಲದ ಒಂದು ಜಾತಿಗೆ, 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ವಿವರಿಸಿದ ಪೀಸಿಲೋಥೀರಿಯಾ ಸ್ಟ್ರಿಯಾಟಾಕ್ಕೆ, ಜೇಡ ಸಾಕುವವರ ಲೋಕದಲ್ಲಿ ಮೈಸೂರಿನ ಹೆಸರೇ ಇದೆ. ವಿದೇಶಗಳ ಸಾಕುಪ್ರಾಣಿ ಮಾರುಕಟ್ಟೆಗಾಗಿ ಇವುಗಳನ್ನು ಹಿಡಿದು ಸಾಗಿಸುತ್ತಿದ್ದುದರಿಂದ 2019ರಲ್ಲಿ ಇಡೀ ಕುಲವನ್ನು ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯೂ ಸೈಟಿಸ್ ಪಟ್ಟಿಯ ಜೀವಿಗಳಿಗೆಂದೇ ಪ್ರತ್ಯೇಕ ಅನುಸೂಚಿಯನ್ನು ತಂದಿದೆ. ಆದ್ದರಿಂದ ಅಳತೆಗೆ ಪಕ್ಕದಲ್ಲಿ ನಾಣ್ಯವೊಂದನ್ನಿಟ್ಟು ಪೊರೆಯ ಛಾಯಾಚಿತ್ರ ತೆಗೆದು, ಮರದ ಗುರುತು ಮತ್ತು ದಿನಾಂಕ ಬರೆದಿಟ್ಟುಕೊಂಡು, ಪೊರೆಯನ್ನು ಇಟ್ಟುಕೊಳ್ಳುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳುವುದು ಸರಿ. ಆ ಹಲಸಿನ ಮರವನ್ನು ಕಡಿಯದೆ ಉಳಿಸಿಕೊಂಡರೆ ಮುಂದಿನ ವರ್ಷಗಳಲ್ಲಿಯೂ ಅದೇ ಪೊಟರೆಯ ಬಾಯಲ್ಲಿ ತಮಗೆ ಪೊರೆಗಳು ಕಾಣಸಿಗಬಹುದು.

ಪ್ರಶ್ನೆ: ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಬಳ್ಳಾರಿಯವನು ನಾನು. ಇಲ್ಲಿಯೇ ಮರಿ ಮಾಡಿಸಿದ ನೀಲಿ ಟರಾಂಟುಲಾವೊಂದನ್ನು ಸಾಕಿದ್ದೇನೆ. ಅದರ ಮೂಲ ನಮ್ಮೂರಿಗೆ ಹತ್ತಿರದ, ಆಂಧ್ರಪ್ರದೇಶದ ಗುತ್ತಿ ಎಂದು ತಿಳಿದು ಹೆಮ್ಮೆಯಾಯಿತು. ಒಂದು ಕಾಲಿನ ಪೊರೆಯನ್ನು ರೆಸಿನ್ನಿನಲ್ಲಿ ಹಾಕಿ ನೋಡಿದಾಗ ನೀಲಿ ಬಣ್ಣ ಮಂಕಾಯಿತು. ರೆಸಿನ್ ಕೆಟ್ಟದ್ದೇ?

ಉತ್ತರ: ರೆಸಿನ್ನಿನಲ್ಲಿ ದೋಷವಿಲ್ಲ. ಮೊದಲು ಒಂದು ಕಾಲನ್ನು ಮಾತ್ರ ಹಾಕಿ ಪರೀಕ್ಷಿಸಿದ್ದು ಜಾಣತನ. 1899ರಲ್ಲಿ ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಮಾದರಿಯಿಂದ ವಿಜ್ಞಾನಕ್ಕೆ ಪರಿಚಿತವಾದ ಈ ಪೀಸಿಲೋಥೀರಿಯಾ ಮೆಟಾಲಿಕಾ, ಮುಂದೆ ಒಂದು ಶತಮಾನ ಕಣ್ಣಿಗೆ ಬೀಳದೆ, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಪೂರ್ವಘಟ್ಟದ ಕಾಡಿನಲ್ಲಿ ಮತ್ತೆ ಕಂಡಿತು. ಅದು ಈಗ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಅದರ ನೀಲಿ ಬಣ್ಣ ನವಿಲುಗರಿಯ ಬಣ್ಣದಂತೆ ರಚನೆಯಿಂದ ಬಂದದ್ದು. ನೀಲಿ ವರ್ಣದ್ರವ್ಯ ಅಲ್ಲಿಲ್ಲ. ರೋಮಗಳ ಒಳಗಿರುವ ಅತಿಸೂಕ್ಷ್ಮ ಪದರಗಳಿಗೆ ತಾಗಿ ಮರಳುವ ಬೆಳಕಿನಲ್ಲಿ ನೀಲಿ ಮಾತ್ರ ಬಲಗೊಳ್ಳುತ್ತದೆ. ರೋಮದ ಒಳಗೂ ಹೊರಗೂ ಇರುವ ಗಾಳಿಯ ಜಾಗವನ್ನು ಕೈಟಿನ್‌ಗೆ ಸಮೀಪದ ವಕ್ರೀಭವನವುಳ್ಳ ರೆಸಿನ್ ತುಂಬಿದರೆ ಬೆಳಕು ಮರಳುವುದೇ ಕಡಿಮೆಯಾಗುತ್ತದೆ. ಒಣ ಪೊರೆಯಲ್ಲಿ ಆ ರಚನೆ ಕೆಡದೆ ಇರುವುದರಿಂದ ಬಣ್ಣವೂ ಇರುತ್ತದೆ. ಹಾಗಾಗಿ ತಮ್ಮ ಜೇಡದ ಪೊರೆಗೆ ರೆಸಿನ್ ಬೇಡವೆಂದೇ ನನ್ನ ಸಲಹೆ. ಭಂಗಿಗೆ ತಂದು ಒಣಗಿಸಿದ ಪೊರೆಯನ್ನು, ಮುಂಬದಿಗೆ ಗಾಜಿರುವ ಆಳವಾದ ಚೌಕಟ್ಟಿನಲ್ಲಿ, ಕಪ್ಪು ಹಿನ್ನೆಲೆಯ ಮೇಲೆ ಕಾಲುಗಳ ಕೆಳಗೆ ಒಂದೆರಡು ಹನಿ ಅಂಟಿನಿಂದ ನಿಲ್ಲಿಸಿ, ಹಿಂಬದಿಯಲ್ಲಿ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣವನ್ನು ಅಡಗಿಸಿ, ಸಂದುಗಳನ್ನು ಟೇಪಿನಿಂದ ಮುಚ್ಚಿ. ಬಿಸಿಲು ನೇರವಾಗಿ ಬೀಳದ ಗೋಡೆಗೆ ತೂಗುಹಾಕಿ, ಒಂದು ಪಕ್ಕದಿಂದ ದೀಪದ ಬೆಳಕು ಬೀಳುವಂತೆ ಮಾಡಿದರೆ ಆ ನೀಲಿಯನ್ನು ತಾವು ಪ್ರತಿದಿನವೂ ನೋಡಬಹುದು.